ಮನೆ ಕಲಬುರಗಿಯಲ್ಲಿ, ನೌಕರಿ ಇನ್ನೊಂದೂರಲ್ಲಿ: ರಿಂಗ್ ರೋಡ್ ಲೇಔಟ್‌ಗಳ ಬದುಕು

ಊರ ಹೊರಗೆ ಒಳ್ಳೆಯ ಮನೆ, ಊರೊಳಗೆ ನೌಕರಿ. ಹೊರವಲಯದ ಅನುಕೂಲಸ್ಥರ ಬಡಾವಣೆ ಅಂದ ಕೂಡಲೇ ನಮಗೆ ಹೊಳೆಯುವುದು ಇದೇ. ಬೆಂಗಳೂರಿನ ಯಲಹಂಕ, ಕೆಂಗೇರಿ ಕಡೆಯ ಎಷ್ಟೋ ಜನ ಹೀಗೇ ಬದುಕುತ್ತಾರೆ. ಕಲಬುರಗಿಯಲ್ಲಿ ದಾರಿ ಉಲ್ಟಾ. ಸೇಡಂ ರಸ್ತೆ, ಹುಮನಾಬಾದ್ ರಸ್ತೆ, ಜೇವರ್ಗಿ ರಸ್ತೆ, ಆಳಂದ ರಸ್ತೆಗಳು ರಿಂಗ್ ರೋಡ್ ಮುಟ್ಟುವ ಕಡೆಯೆಲ್ಲ ಹೊಸ ಲೇಔಟ್‌ಗಳು ಎದ್ದಿವೆ. ಅಲ್ಲಿನ ಎರಡಂತಸ್ತಿನ ಮನೆಗಳಿಂದ ಬೆಳಿಗ್ಗೆ ಏಳಕ್ಕೆಲ್ಲ ಕಾರು, ಬೈಕುಗಳು ಹೊರಡುತ್ತವೆ. ಅವುಗಳಲ್ಲಿ ಬಹಳಷ್ಟು ಊರೊಳಗೆ ಬರುವುದೇ ಇಲ್ಲ. ಯಾದಗಿರಿ, ಸೇಡಂ, ಚಿತ್ತಾಪುರ, ಆಳಂದ, ಜೇವರ್ಗಿ, ಹುಮನಾಬಾದ್ ಕಡೆಗೆ ಮುಖ ಮಾಡುತ್ತವೆ. ಸಂಜೆ ಮತ್ತೆ ಅದೇ ದಾರಿಯಲ್ಲಿ ವಾಪಸ್. ನಮ್ಮ ಕಡೆ ಇದಕ್ಕೆ ಅಪ್-ಡೌನ್ ಮಾಡೋದು ಅಂತಾರೆ.

ಈ ಮನೆಗಳಲ್ಲಿ ಯಾರಿದ್ದಾರೆ? ಕಾಲೇಜಿನ ಪ್ರಾಧ್ಯಾಪಕರು, ತಾಲೂಕು ಆಸ್ಪತ್ರೆಯ ಡಾಕ್ಟರು, ಲೋಕೋಪಯೋಗಿ ಮತ್ತು ನೀರಾವರಿ ಇಲಾಖೆಯ ಇಂಜಿನಿಯರುಗಳು, ಬ್ಯಾಂಕ್ ಮ್ಯಾನೇಜರುಗಳು, ಹೈಸ್ಕೂಲ್ ಮಾಸ್ತರು, ವಾಡಿ, ಸೇಡಂ, ಮಳಖೇಡದ ಸಿಮೆಂಟ್ ಕಾರ್ಖಾನೆಗಳ ಅಧಿಕಾರಿಗಳು. ಕೇಂದ್ರೀಯ ವಿಶ್ವವಿದ್ಯಾಲಯ 2009ರಲ್ಲಿ ಶುರುವಾಯಿತು. ಅದರ ಕ್ಯಾಂಪಸ್ ಆಳಂದ ರಸ್ತೆಯ ಕಡಗಂಚಿಯಲ್ಲಿದೆ. ಅಲ್ಲಿ ಕೆಲಸ ಮಾಡುವವರಲ್ಲೂ ಅನೇಕರ ಮನೆ ಕಲಬುರಗಿಯಲ್ಲೇ.

ಅಂದರೆ ಜನ ಇಲ್ಲಿ ಮನೆ ಕಟ್ಟಿದ್ದು ನೌಕರಿ ಹತ್ತಿರವಾಗಲಿ ಅಂತ ಅಲ್ಲ. ಶಾಲೆ ಹತ್ತಿರವಾಗಲಿ, ಆಸ್ಪತ್ರೆ ಹತ್ತಿರವಾಗಲಿ ಅಂತ. ಈ ಒಂದು ಮಾತು ತಲೆಯಲ್ಲಿದ್ದರೆ ಲೇಔಟ್ ಬದುಕಿನ ಉಳಿದ ಸಂಗತಿಗಳು ತಾವಾಗಿಯೇ ತಿಳಿಯುತ್ತವೆ.

ಲೆಕ್ಕ ಮನೆಯೊಳಗೆ ಹೀಗೆ ನಡೆಯುತ್ತದೆ. ಮಗು ನಾಲ್ಕನೇ ಐದನೇ ಕ್ಲಾಸಿಗೆ ಬರುವವರೆಗೆ ತಾಲೂಕು ಕೇಂದ್ರದಲ್ಲಿ ಬಾಡಿಗೆ ಮನೆ ಮಾಡಿಕೊಂಡು ಇರಬಹುದು. ಆಮೇಲೆ ಒಳ್ಳೆಯ ಹೈಸ್ಕೂಲ್ ಬೇಕು. ಅದಾದ ಮೇಲೆ ಪಿಯುಸಿ ಸೈನ್ಸ್, ನೀಟ್, ಸಿಇಟಿ ಕೋಚಿಂಗ್. ಈ ಭಾಗದಲ್ಲಿ ಇವೆಲ್ಲ ಒಟ್ಟಿಗೆ ಸಿಗುವ ಊರು ಮೊದಲಿಂದಲೂ ಕಲಬುರಗಿಯೇ. ಹೈದರಾಬಾದ್ ಕರ್ನಾಟಕ ಶಿಕ್ಷಣ ಸಂಸ್ಥೆ ಇಲ್ಲಿ ಇಂಜಿನಿಯರಿಂಗ್ ಕಾಲೇಜು ತೆರೆದದ್ದು 1958ರಲ್ಲಿ, ಮೆಡಿಕಲ್ ಕಾಲೇಜು 1963ರಲ್ಲಿ. ಗುಲಬರ್ಗಾ ವಿಶ್ವವಿದ್ಯಾಲಯ 1980ರಲ್ಲಿ ಬಂತು. ಆಮೇಲೆ ಇಎಸ್ಐ ಮೆಡಿಕಲ್ ಕಾಲೇಜು, ಜಿಮ್ಸ್ ಅನ್ನುವ ಸರ್ಕಾರಿ ಮೆಡಿಕಲ್ ಕಾಲೇಜು, ಜಯದೇವ ಹೃದ್ರೋಗ ಆಸ್ಪತ್ರೆ ಎಲ್ಲವೂ ಇದೇ ಊರಿಗೆ ಬಂದವು. ಹೈಕೋರ್ಟ್ ಪೀಠ 2008ರಲ್ಲಿ ಸಂಚಾರಿಯಾಗಿ ಶುರುವಾಗಿ 2013ರಲ್ಲಿ ಕಾಯಂ ಆಯಿತು. ಕಲಬುರಗಿ ಜಿಲ್ಲೆಯಲ್ಲೇ ಇದ್ದ ಯಾದಗಿರಿ ಮಾತ್ರ ಬೇರೆ ಜಿಲ್ಲೆಯಾಯಿತು. ಜಿಲ್ಲಾಧಿಕಾರಿ ಕಚೇರಿ, ಜಿಲ್ಲಾ ಪಂಚಾಯಿತಿ, ಎಲ್ಲ ಇಲಾಖೆಗಳ ಜಿಲ್ಲಾ ಕಚೇರಿಗಳು ಅಲ್ಲಿಗೆ ಹೋದವು. ಕಚೇರಿ ಸಾಗಿಸಿದಷ್ಟು ಸುಲಭವಾಗಿ ಶಾಲೆ, ಕಾಲೇಜು, ಸ್ಪೆಷಲಿಸ್ಟ್ ಡಾಕ್ಟರುಗಳನ್ನು ಸಾಗಿಸಲು ಆಗುವುದಿಲ್ಲವಲ್ಲ. ನೌಕರಿ ಯಾದಗಿರಿಗೆ ಹೋಯಿತು, ಸಂಸಾರ ಕಲಬುರಗಿಯಲ್ಲೇ ಉಳಿಯಿತು.

ಇನ್ನೊಂದು ಕಾರಣ ಇದೆ. ಇದನ್ನು ಹೊರಗಿನವರು ಅಷ್ಟಾಗಿ ಗಮನಿಸುವುದಿಲ್ಲ. ಸಂವಿಧಾನದ 371(ಜೆ) ವಿಧಿ 98ನೇ ತಿದ್ದುಪಡಿಯ ಮೂಲಕ ಬಂದು 2013ರಲ್ಲಿ ಜಾರಿಯಾಯಿತು. ಅದರಿಂದ ಕಲ್ಯಾಣ ಕರ್ನಾಟಕದ ಜಿಲ್ಲೆಗಳಲ್ಲಿ ಸರ್ಕಾರಿ ಹುದ್ದೆಗಳಿಗೆ ಸ್ಥಳೀಯ ವೃಂದ ರಚನೆಯಾಯಿತು. ಹುದ್ದೆಗಳ ದೊಡ್ಡ ಪಾಲು ಇಲ್ಲಿಯವರಿಗೇ ಮೀಸಲು. ಮೊದಲು ಇಲ್ಲಿಯ ಹುಡುಗನಿಗೆ ನೌಕರಿ ಸಿಕ್ಕರೂ ಮಂಡ್ಯಕ್ಕೋ ಕಾರವಾರಕ್ಕೋ ಹೋಗಬೇಕಾಗಬಹುದಿತ್ತು. ಈಗ ಈ ವೃಂದದಲ್ಲಿ ಸೇರಿದವರ ವರ್ಗಾವಣೆ ಸಾಮಾನ್ಯವಾಗಿ ಈ ಭಾಗದೊಳಗೇ ತಿರುಗುತ್ತದೆ. ಇವತ್ತು ಸೇಡಂ, ನಾಳೆ ಶಹಾಪುರ, ಮುಂದೆ ಹುಮನಾಬಾದ್. ಈ ಮೂರಕ್ಕೂ ದಿನಾ ಹೋಗಿಬರಬಹುದಾದ ಊರು ಕಲಬುರಗಿ. ಹೀಗಾಗಿ ನೌಕರಿಗೆ ಸೇರಿದ ಕೆಲವೇ ವರ್ಷಕ್ಕೆ ಸಾಲ ತೆಗೆದು ಮನೆ ಕಟ್ಟುವ ಧೈರ್ಯ ಬರುತ್ತದೆ. ನೌಕರಿ ಎಲ್ಲಿಗೇ ಹೋಗಲಿ, ಮನೆ ಮಾತ್ರ ಒಂದೇ.

ಗಂಡ ಹೆಂಡತಿ ಇಬ್ಬರೂ ನೌಕರರಾದರಂತೂ ಬೇರೆ ದಾರಿಯೇ ಇಲ್ಲ. ಅವರದು ಚಿತ್ತಾಪುರ, ಇವರದು ಆಳಂದ. ಎರಡು ಊರೂ ಎರಡು ದಿಕ್ಕು. ಯಾವ ಊರಲ್ಲಿ ಮನೆ ಮಾಡಿದರೂ ಇನ್ನೊಬ್ಬರಿಗೆ ಅನ್ಯಾಯ. ನಡುವೆ ಕಲಬುರಗಿ ಇದೆ. ರಿಂಗ್ ರೋಡ್ ಪಕ್ಕದಲ್ಲಿ ಮನೆ ಇದ್ದರೆ ಇಬ್ಬರೂ ಊರ ಗದ್ದಲಕ್ಕೆ ಸಿಗದೆ ತಮ್ಮ ತಮ್ಮ ದಾರಿ ಹಿಡಿಯಬಹುದು. ಜಗತ್ ಸರ್ಕಲ್, ಸೂಪರ್ ಮಾರ್ಕೆಟ್ ಹತ್ತಿರದ ಹಳೆ ಮನೆಗಳನ್ನು ಬಿಟ್ಟು ಜನ ಹೊರಗೆ ಬಂದದ್ದಕ್ಕೆ ಜಾಗದ ಇಕ್ಕಟ್ಟು ಒಂದು ಕಾರಣ. ಈ ದಿಕ್ಕುಗಳ ಲೆಕ್ಕ ಇನ್ನೊಂದು.

ಇನ್ನು ಪ್ರಯಾಣ. ಆಳಂದ, ಜೇವರ್ಗಿಗಳಿಗೆ ಸುಮಾರು 40 ಕಿ.ಮೀ., ಸೇಡಂಗೆ 55, ಯಾದಗಿರಿಗೆ ರಸ್ತೆಯಲ್ಲಿ 80ರ ಆಸುಪಾಸು. ಯಾದಗಿರಿಗೆ ಹೋಗಿಬರುವವರಿಗೆ ದಿನಕ್ಕೆ ಮೂರು ನಾಲ್ಕು ಗಂಟೆ ದಾರಿಯಲ್ಲೇ ಕಳೆಯುತ್ತದೆ. ಕಾರು ಇದ್ದವರು ನಾಲ್ಕು ಜನ ಸೇರಿ ಒಂದೇ ಕಾರಲ್ಲಿ ಹೋಗುತ್ತಾರೆ, ಪೆಟ್ರೋಲ್ ಹಂಚಿಕೊಳ್ಳುತ್ತಾರೆ. ಈ ಕಾರಿನ ಗೆಳೆತನ ಬಹಳ ಗಟ್ಟಿಯಾದದ್ದು. ಮದುವೆ ಮಾತುಕತೆ, ಪ್ಲಾಟ್ ವ್ಯವಹಾರ, ಮಗಳ ಕಾಲೇಜು ಸೀಟು ಎಲ್ಲ ಅಲ್ಲೇ ತೀರ್ಮಾನವಾಗುತ್ತವೆ. ಪಕ್ಕದ ಮನೆಯವರಿಗಿಂತ ಕಾರಿನ ಜೊತೆಗಾರರೇ ಹತ್ತಿರ ಅನ್ನುವವರು ನಮ್ಮ ಲೇಔಟಿನಲ್ಲಿ ಬೇಕಾದಷ್ಟು ಜನ ಇದ್ದಾರೆ. ಲೇಔಟಿನಲ್ಲಿ ನೆರೆಹೊರೆ ಬೆಳೆಯುವುದು ನಿಧಾನ. ಅದಕ್ಕೆ ಬೇಕಾದ ಸಂಜೆಗಳು ಹೀಗೆ ರಸ್ತೆಯಲ್ಲಿ ಖರ್ಚಾಗಿರುತ್ತವೆ.

ಶಹಾಬಾದ್, ವಾಡಿ, ಯಾದಗಿರಿಗೆ ರೈಲು ಅನುಕೂಲ. ಮುಂಬೈನಿಂದ ಸೊಲ್ಲಾಪುರ, ಕಲಬುರಗಿ, ವಾಡಿ ಮೇಲೆ ದಕ್ಷಿಣಕ್ಕೆ ಹೋಗುವ ಮುಖ್ಯ ಮಾರ್ಗ ಇದು. ವಾಡಿಯಲ್ಲಿ ಒಂದು ಕವಲು ಚಿತ್ತಾಪುರ, ಸೇಡಂ ಮೂಲಕ ಸಿಕಂದರಾಬಾದಿಗೆ ಹೊರಳುತ್ತದೆ. 150 ಕಿ.ಮೀ. ಒಳಗಿನ ದೂರಕ್ಕೆ ರೈಲ್ವೆ ತಿಂಗಳ ಪಾಸ್ ಕೊಡುತ್ತದೆ. ಬಸ್ಸಿಗಿಂತ ಎಷ್ಟೋ ಅಗ್ಗ. ಆದರೆ ಇವೆಲ್ಲ ದೂರದೂರದ ಗಾಡಿಗಳು. ನಮ್ಮ ಕಚೇರಿ ಸಮಯ ನೋಡಿಕೊಂಡು ಓಡುವುದಿಲ್ಲ. ಸೊಲ್ಲಾಪುರದ ಆಚೆ ತಡವಾದರೆ ಇಲ್ಲಿ ಹಾಜರಿ ತಪ್ಪುತ್ತದೆ. ಕಲಬುರಗಿ–ಬೀದರ್ ರೈಲು ಮಾರ್ಗ 2017ರ ಅಕ್ಟೋಬರಿನಲ್ಲಿ ಪೂರ್ತಿ ತೆರೆದಾಗ ಹುಮನಾಬಾದ್ ಕಡೆಯ ನೌಕರರು ಬಹಳ ಆಸೆ ಇಟ್ಟುಕೊಂಡಿದ್ದರು. ಬೆಳಿಗ್ಗೆ ಕಚೇರಿಗೆ, ಸಂಜೆ ಮನೆಗೆ ಅಂತಲೇ ಓಡುವ ಚಿಕ್ಕ ರೈಲುಗಳು ಜಾಸ್ತಿಯಾದರೆ ಸಾವಿರಾರು ಮನೆಗಳ ದಿನಚರಿ ಬದಲಾಗುತ್ತದೆ. ಈ ಭಾಗದ ಯಾವ ದೊಡ್ಡ ಯೋಜನೆಗಿಂತಲೂ ನಾನು ಇದನ್ನೇ ಮುಂದೆ ಇಡುತ್ತೇನೆ.

ಹೆಣ್ಣುಮಕ್ಕಳ ಅಪ್-ಡೌನ್ ಲೆಕ್ಕವೇ ಬೇರೆ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಸಾಮಾನ್ಯ ಬಸ್ಸುಗಳಲ್ಲಿ ಮಹಿಳೆಯರಿಗೆ ಟಿಕೆಟ್ ಹಣ ಇಲ್ಲ. ಶಿಕ್ಷಕಿಯರು, ನರ್ಸುಗಳು, ಕ್ಲರ್ಕುಗಳಿಗೆ ತಿಂಗಳಿಗೆ ಒಳ್ಳೆಯ ಉಳಿತಾಯ. ಆದರೆ ಅವರ ದಿನ ಬೆಳಿಗ್ಗೆ ಐದಕ್ಕೇ ಶುರುವಾಗುತ್ತದೆ. ಬುತ್ತಿ, ಮಕ್ಕಳ ಶಾಲೆ, ಅತ್ತೆ ಮಾವನ ಔಷಧಿ ಎಲ್ಲ ಮುಗಿಸಿ ಬಸ್ ಸ್ಟಾಪಿಗೆ ಬರಬೇಕು. ಬಸ್ ಇಳಿದ ಮೇಲೆ ಹಳ್ಳಿಯ ಶಾಲೆಗೆ ಟಂಟಂ (ಶೇರ್ ಆಟೋ) ಹಿಡಿಯಬೇಕು. ಸಂಜೆ ಲೇಔಟಿನ ಗೇಟಿನವರೆಗೆ ಬಸ್ ಬರುವುದಿಲ್ಲ. ರಿಂಗ್ ರೋಡಿನಲ್ಲಿ ಇಳಿದು ಒಳಗೆ ನಡೆಯಬೇಕು. ಚಳಿಗಾಲದಲ್ಲಿ ಅಷ್ಟೊತ್ತಿಗೆ ಕತ್ತಲಾಗಿರುತ್ತದೆ. ಬೀದಿದೀಪ ಇಲ್ಲದ ಆ ಅರ್ಧ ಕಿಲೋಮೀಟರ್ ಎಂಬತ್ತು ಕಿಲೋಮೀಟರಿಗಿಂತ ದೊಡ್ಡದು. ಬೀದಿದೀಪ ಯಾಕಿಲ್ಲ ಅನ್ನುವುದಕ್ಕೆ ಆಮೇಲೆ ಬರುತ್ತೇನೆ.

ಬೇಸಿಗೆಯಲ್ಲಿ ಇಡೀ ಗಡಿಯಾರವೇ ಬದಲಾಗುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಕಲಬುರಗಿ ವಿಭಾಗದ ಜಿಲ್ಲೆಗಳಲ್ಲಿ, ಜೊತೆಗೆ ವಿಜಯಪುರ, ಬಾಗಲಕೋಟೆಯಲ್ಲಿ, ಸರ್ಕಾರಿ ಕಚೇರಿಗಳು ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ನಡೆಯುತ್ತವೆ. ಬಿಸಿಲಿನಿಂದ ನೌಕರರನ್ನೂ ಜನರನ್ನೂ ಕಾಪಾಡಲು ಮಾಡಿದ ಒಳ್ಳೆಯ ಏರ್ಪಾಡು. ಅದೇ ಊರಲ್ಲಿ ಮನೆ ಇದ್ದವರಿಗೆ ಇದು ವರ. ಅಪ್-ಡೌನ್ ಮಾಡುವವರು ಮಾತ್ರ ಆರಕ್ಕೆ ಮೊದಲೇ ಹೊರಡಬೇಕು, ವಾಪಸ್ ಬರುವಾಗ ಎರಡು ಗಂಟೆಯ ಬಿಸಿಲಿನಲ್ಲೇ ಬರಬೇಕು. ಮೇ ತಿಂಗಳಲ್ಲಿ ಇಲ್ಲಿ 42 ಡಿಗ್ರಿ ಮುಟ್ಟುವುದು ಹೊಸದೇನಲ್ಲ. ಬೈಕ್ ಮೇಲೆ ತಲೆಗೆ ಒದ್ದೆ ಟವೆಲ್ ಸುತ್ತಿಕೊಂಡು ಬರುವವರನ್ನು ಆ ರಸ್ತೆಗಳಲ್ಲಿ ಆಗ ನೋಡಬೇಕು.

ಇಷ್ಟು ಕಷ್ಟಪಟ್ಟು ಹೋಗಿ ಸೇರುವ ಮನೆ ಹೇಗಿರುತ್ತದೆ? ಅದು ನಿಂತ ನೆಲದಿಂದ ಶುರು ಮಾಡೋಣ. ಹತ್ತಿಪ್ಪತ್ತು ವರ್ಷದ ಹಿಂದೆ ಅದು ತೊಗರಿ, ಜೋಳ ಬೆಳೆಯುತ್ತಿದ್ದ ಎರೆ ಹೊಲ, ಅಂದರೆ ಕಪ್ಪು ಮಣ್ಣಿನ ಹೊಲ. ಎರೆ ಮಣ್ಣು ಮಳೆಗಾಲದಲ್ಲಿ ನೀರು ಕುಡಿದು ಉಬ್ಬುತ್ತದೆ, ಬೇಸಿಗೆಯಲ್ಲಿ ಒಣಗಿ ಕೈ ಹೋಗುವಷ್ಟು ಬಿರಿಯುತ್ತದೆ. ತೊಗರಿಗೆ ಇದು ಬಂಗಾರ, ಗೋಡೆಗೆ ಶತ್ರು. ಅನುಭವಿ ಗೌಂಡಿಗಳು ಎರೆ ಪೂರ್ತಿ ತೆಗೆದು ಕೆಳಗಿನ ಗಟ್ಟಿ ಮುರುಮು ಸಿಗುವವರೆಗೆ ಪಾಯ ತೋಡಿಸುತ್ತಾರೆ. ಪಾಯದ ಖರ್ಚು ನೋಡಿ ಮನೆ ಮಾಲೀಕರು ಹೌಹಾರುತ್ತಾರೆ. ಅಲ್ಲಿ ಉಳಿಸಿದ ದುಡ್ಡು ಮೂರ್ನಾಲ್ಕು ವರ್ಷದಲ್ಲಿ ಕಿಟಕಿಯ ಮೂಲೆಯಿಂದ ಓರೆಯಾಗಿ ಇಳಿಯುವ ಬಿರುಕಾಗಿ ಎದುರು ನಿಲ್ಲುತ್ತದೆ. ಬಾಗಿದ ಕಾಂಪೌಂಡ್ ಗೋಡೆಗಳು ಹೊಸ ಲೇಔಟ್‌ಗಳಲ್ಲಿ ಅಲ್ಲಲ್ಲಿ ಕಾಣುವುದು ಇದಕ್ಕೇ. ಮನೆಗಿಂತ ಕಾಂಪೌಂಡಿಗೆ ಜನ ಪಾಯ ಕಡಿಮೆ ಹಾಕಿಸುತ್ತಾರೆ.

ಎರೆ ಮಣ್ಣಿನ ಇನ್ನೊಂದು ತೊಂದರೆ ಕೊಳಚೆ ನೀರಿನದು. ಒಳಚರಂಡಿ ಬಾರದ ಲೇಔಟಿನಲ್ಲಿ ಪ್ರತಿ ಮನೆಗೂ ಸೆಪ್ಟಿಕ್ ಟ್ಯಾಂಕ್, ಅದರ ಪಕ್ಕ ಇಂಗುಗುಂಡಿ ಇರುತ್ತದೆ. ಈ ಮಣ್ಣು ನೀರನ್ನು ಬೇಗ ಇಂಗಿಸಿಕೊಳ್ಳುವುದಿಲ್ಲ. ಮಳೆಗಾಲದಲ್ಲಿ ಗುಂಡಿ ತುಂಬಿ ನೀರು ರಸ್ತೆಗೆ ಬರುತ್ತದೆ. ಕೋಟಿ ರೂಪಾಯಿಯ ಮನೆ ಮುಂದೆ ಗಬ್ಬು ನೀರು ಯಾಕೆ ನಿಂತಿದೆ ಅಂತ ಕೇಳುವವರಿಗೆ ಉತ್ತರ ಅರ್ಧ ಮಣ್ಣಿನಲ್ಲಿದೆ, ಅರ್ಧ ಕಾಗದದಲ್ಲಿದೆ.

ಆ ಕಾಗದದ ಕಥೆ ಹೀಗೆ. ಹೊಲ ಲೇಔಟ್ ಆಗಬೇಕಾದರೆ ಮೊದಲು ಎನ್.ಎ. ಆಗಬೇಕು. ಅಂದರೆ 1964ರ ಕರ್ನಾಟಕ ಭೂಕಂದಾಯ ಕಾಯ್ದೆಯ 95ನೇ ಕಲಂನಡಿ ಕೃಷಿಯೇತರ ಬಳಕೆಗೆ ಜಿಲ್ಲಾಧಿಕಾರಿಯ ಒಪ್ಪಿಗೆ ಸಿಗಬೇಕು. ಆಮೇಲೆ ನಗರಾಭಿವೃದ್ಧಿ ಪ್ರಾಧಿಕಾರ ನಕ್ಷೆ ಮಂಜೂರು ಮಾಡುತ್ತದೆ. ರಸ್ತೆ ಎಷ್ಟು ಅಗಲ, ಪಾರ್ಕ್ ಎಲ್ಲಿ, ಶಾಲೆಗೋ ಆಸ್ಪತ್ರೆಗೋ ಬಿಡುವ ಸಿ.ಎ. ಜಾಗ ಎಲ್ಲಿ ಅನ್ನುವುದೆಲ್ಲ ಆ ನಕ್ಷೆಯಲ್ಲಿರುತ್ತದೆ. ಲೇಔಟ್ ಮಾಡಿದವರು ರಸ್ತೆ, ಚರಂಡಿ, ಕರೆಂಟ್, ನೀರಿನ ಪೈಪು ಹಾಕಿಸಬೇಕು. ಕೆಲಸ ಆದಂತೆ ಪ್ಲಾಟ್‌ಗಳು ಕಂತುಕಂತಾಗಿ ಮಾರಾಟಕ್ಕೆ ಬಿಡುಗಡೆಯಾಗುತ್ತವೆ. ಎಲ್ಲ ಮುಗಿದ ಮೇಲೆ ರಸ್ತೆ, ಪಾರ್ಕ್, ಸಿ.ಎ. ಜಾಗಗಳನ್ನು ಸರ್ಕಾರಿ ವಶಕ್ಕೆ ಬರೆದುಕೊಡಬೇಕು. ಕೊನೆಗೆ ಲೇಔಟ್ ಮಹಾನಗರ ಪಾಲಿಕೆಗೆ ಹಸ್ತಾಂತರ ಆಗಬೇಕು.

ತೊಂದರೆ ಇರುವುದು ಈ ಕೊನೆಯ ಮೆಟ್ಟಿಲಲ್ಲಿ. ಪ್ಲಾಟ್ ಎಲ್ಲ ಮಾರಿದ ಮೇಲೆ ಲೇಔಟ್ ಮಾಡಿದವರಿಗೆ ಅವಸರ ಇರುವುದಿಲ್ಲ. ಅರ್ಧಂಬರ್ಧ ಕೆಲಸದ ಲೇಔಟನ್ನು ಪಾಲಿಕೆ ಒಪ್ಪಿಕೊಳ್ಳುವುದಿಲ್ಲ. ಒಪ್ಪಿಕೊಂಡರೆ ಮುರಿದ ಚರಂಡಿ, ಒಣಗಿದ ಬೋರ್‌ವೆಲ್ ಎಲ್ಲ ಅದರ ತಲೆಗೆ ಬರುತ್ತದೆ. ನಡುವೆ ಸಿಕ್ಕವರು ಮನೆ ಕಟ್ಟಿಕೊಂಡವರು. ಬೀದಿದೀಪದ ಬಿಲ್ ಯಾರು ಕಟ್ಟಬೇಕು, ಕಸದ ಗಾಡಿ ಯಾರು ಕಳಿಸಬೇಕು, ರಸ್ತೆಯ ಗುಂಡಿ ಯಾರು ಮುಚ್ಚಬೇಕು ಅನ್ನುವುದಕ್ಕೆ ಉತ್ತರ ಇರುವುದಿಲ್ಲ. ಆ ಅರ್ಧ ಕಿಲೋಮೀಟರ್ ಕತ್ತಲೆ ಇಲ್ಲಿಂದ ಬಂದದ್ದು. ಮನೆಯವರೆಲ್ಲ ಸೇರಿ ಒಂದು ಸಂಘ ಮಾಡಿ ತಿಂಗಳಿಗೆ ಇಷ್ಟು ಅಂತ ದುಡ್ಡು ಕೂಡಿಸುತ್ತಾರೆ. ವಾಚ್‌ಮನ್, ಬೋರ್‌ವೆಲ್ ಮೋಟಾರು, ನಾಲ್ಕು ದೀಪ ಅದರಲ್ಲಿ ನಡೆಯುತ್ತವೆ. ಮನೆ ಕಟ್ಟದೆ ಪ್ಲಾಟ್ ಮಾತ್ರ ಇಟ್ಟುಕೊಂಡವರು ಸಂಘಕ್ಕೆ ದುಡ್ಡು ಕೊಡುವುದು ಕಡಿಮೆ. ಅವರ ಪ್ಲಾಟಿನಲ್ಲಿ ಜಾಲಿ ಬೆಳೆಯುತ್ತದೆ, ಹಾವು ಬರುತ್ತದೆ.

ಎನ್.ಎ. ಆಗದ ಹೊಲದಲ್ಲಿ ಸುಮ್ನೆ ಕಲ್ಲು ನೆಟ್ಟು ಮಾರಿದ ಗುಂಟೆ ಪ್ಲಾಟ್‌ಗಳ ಗೋಳು ಇದಕ್ಕಿಂತ ದೊಡ್ಡದು. ಅವಕ್ಕೆ ಸರಿಯಾದ ಖಾತೆ ಇಲ್ಲ, ಬ್ಯಾಂಕ್ ಸಾಲ ಕಷ್ಟ, ಮನೆ ಕಟ್ಟಲು ಪರವಾನಗಿ ಕಷ್ಟ. ಈ ಲೇಖನದ ಲೇಔಟ್‌ಗಳು ಅಂಥವಲ್ಲ. ಕಾಗದ ಸರಿ ಇದ್ದವರಿಗೇ ಇಷ್ಟು ಪಾಡು ಅನ್ನುವುದನ್ನು ಗಮನಿಸಿ.

ನೀರಿಗೆ ಬರೋಣ. ಕಲಬುರಗಿಗೆ ನೀರು ಬರುವುದು ಮುಖ್ಯವಾಗಿ ಭೀಮಾ, ಬೆಣ್ಣೆತೊರಾ ನದಿಗಳಿಂದ. ವಿಶ್ವಬ್ಯಾಂಕ್ ನೆರವಿನಲ್ಲಿ 24 ಗಂಟೆ ನೀರು ಕೊಡುವ ಪ್ರಯೋಗ ಹುಬ್ಬಳ್ಳಿ-ಧಾರವಾಡ, ಬೆಳಗಾವಿ ಜೊತೆ ಕಲಬುರಗಿಯ ಕೆಲವು ಭಾಗದಲ್ಲೂ ನಡೆಯಿತು. ಆ ಭಾಗ ಊರೊಳಗಿತ್ತು. ಹಸ್ತಾಂತರವಾಗದ ಎಷ್ಟೋ ಲೇಔಟ್‌ಗಳಿಗೆ ಪಾಲಿಕೆಯ ಪೈಪು ಇನ್ನೂ ಮುಟ್ಟಿಲ್ಲ. ಅಲ್ಲಿ ಬೋರ್‌ವೆಲ್ ಇದೆ, ಅದು ಬತ್ತಿದರೆ ಟ್ಯಾಂಕರ್ ಇದೆ. ಕೆಳಗೆ ಇರುವುದು ಕರಿಕಲ್ಲು. ಅದರ ಬಿರುಕುಗಳಲ್ಲಿ ಮಾತ್ರ ನೀರು ಸಿಗುತ್ತದೆ. ನಿಮ್ಮ ಪ್ಲಾಟಿನಲ್ಲಿ ಬಿರುಕು ಸಿಕ್ಕಿತು, ಪಕ್ಕದವರಿಗೆ ಸಿಗಲಿಲ್ಲ. ಹೀಗಾಗಿ ಒಂದೇ ಸಾಲಿನ ಎರಡು ಮನೆಗಳಲ್ಲಿ ಒಂದರ ಮುಂದೆ ಹೂದೋಟ, ಇನ್ನೊಂದರ ಮುಂದೆ ಟ್ಯಾಂಕರ್. ಬೇಸಿಗೆಯಲ್ಲಿ ಕೂಲರ್ ಬೇರೆ ನೀರು ಕೇಳುತ್ತದೆ. ನಮ್ಮ ಒಣ ಬಿಸಿಲಿಗೆ ಎ.ಸಿ.ಗಿಂತ ಕಡಿಮೆ ಕರೆಂಟಿನಲ್ಲಿ ಮನೆ ತಂಪಾಗಿಡುವುದು ಕೂಲರೇ. ಅದು ತಂಪು ಮಾಡುವುದೇ ನೀರನ್ನು ಆವಿ ಮಾಡಿ. ನೀರು ಅತಿ ಕಡಿಮೆ ಇರುವ ತಿಂಗಳಲ್ಲೇ ಅದಕ್ಕೆ ಬಕೆಟ್‌ಗಟ್ಟಲೆ ಬೇಕು.

ಬೆಳಿಗ್ಗೆ ಒಂಬತ್ತರ ಮೇಲೆ ಲೇಔಟಿಗೆ ಬೇರೆಯೇ ಜನ ಬರುತ್ತಾರೆ. ಮನೆಕೆಲಸದವರು, ರೊಟ್ಟಿ ಬಡಿದು ಕೊಡುವವರು, ಗೌಂಡಿಗಳು, ಬಟ್ಟೆ ಇಸ್ತ್ರಿ ಮಾಡುವವರು. ಸುತ್ತಲಿನ ಹಳ್ಳಿ, ತಾಂಡಾಗಳಿಂದ ನಡೆದು, ಬಸ್ಸಿನಲ್ಲಿ, ಟಂಟಂನಲ್ಲಿ ಬರುತ್ತಾರೆ. ಕುಸನೂರ, ಕಪನೂರ, ರಾಜಾಪುರದಂಥ ಊರುಗಳು ಈಗ ನಗರಕ್ಕೆ ಅಂಟಿಕೊಂಡಿವೆ. ಇಂಥ ಊರುಗಳಲ್ಲಿ ಹಿಂದೆ ತಾವೇ ಕಳೆ ತೆಗೆದ ಹೊಲದಲ್ಲಿ ಎದ್ದ ಮನೆಯ ನೆಲ ಇವತ್ತು ಒರೆಸುವವರೂ ಇದ್ದಾರೆ. ಮನೆಕೆಲಸದವರಿಗೆ ಕನಿಷ್ಠ ವೇತನ ನಿಗದಿ ಮಾಡಿ ಕರ್ನಾಟಕ 2004ರಲ್ಲೇ ಅಧಿಸೂಚನೆ ಹೊರಡಿಸಿತ್ತು. ಲೇಔಟಿನಲ್ಲಿ ಸಂಬಳ ಈಗಲೂ ಬಾಯಿಮಾತಿನಲ್ಲೇ ನಡೆಯುತ್ತದೆ. ಅಪ್-ಡೌನ್ ಮಾಡುವ ಗಂಡ ಹೆಂಡತಿ ನಿಶ್ಚಿಂತೆಯಿಂದ ಊರು ಬಿಡಬಹುದು ಅಂದರೆ ಅದಕ್ಕೆ ಇವರೇ ಕಾರಣ. ವಯಸ್ಸಾದ ಅತ್ತೆಗೆ ಊಟ ಬಡಿಸುವವರು, ಶಾಲೆ ಬಿಟ್ಟು ಬಂದ ಮಗುವಿಗೆ ಬಾಗಿಲು ತೆಗೆಯುವವರು ಇವರೇ. ವಾರಕ್ಕೊಂದು ರಜೆ, ಹಬ್ಬಕ್ಕೆ ಪೂರ್ತಿ ಸಂಬಳ ಕೊಡುವುದು ಉಪಕಾರ ಅಂತ ತಿಳಿಯಬಾರದು. ಅದು ಅವರಿಗೆ ಸಲ್ಲಬೇಕಾದದ್ದು.

ಇನ್ನು ಈ ಬದುಕಿನ ಬೆಲೆಯನ್ನು ಇನ್ನೊಂದು ಕಡೆ ತೆರುವವರ ಮಾತು. ಸರ್ಕಾರಿ ನೌಕರರು ಕೇಂದ್ರಸ್ಥಾನದಲ್ಲೇ, ಅಂದರೆ ನೌಕರಿ ಇರುವ ಊರಲ್ಲೇ, ವಾಸ ಮಾಡಬೇಕು ಅನ್ನುವುದು ನಿಯಮ. ಡಾಕ್ಟರು, ಪಿಡಿಒ, ಶಿಕ್ಷಕರು ಊರಲ್ಲಿಲ್ಲ ಅಂತ ದೂರು ಬಂದಾಗೆಲ್ಲ ಸುತ್ತೋಲೆ ಹೊರಡುತ್ತದೆ, ಸ್ವಲ್ಪ ದಿನ ಬಿಗಿಯಾಗುತ್ತದೆ, ಮತ್ತೆ ಸಡಿಲಾಗುತ್ತದೆ. ರಾತ್ರಿ ಹೆರಿಗೆ ನೋವು ಬಂದವರಿಗೆ, ಸಂಜೆ ಐದೂವರೆಗೆ ಕಾಗದ ಹಿಡಿದು ಬಂದ ರೈತನಿಗೆ ಇದರ ಪೆಟ್ಟು ಬೀಳುತ್ತದೆ. ನಾನು ಅಪ್-ಡೌನ್ ಮಾಡುವವರನ್ನು ದೂರುವುದಿಲ್ಲ. ಮಕ್ಕಳ ಓದಿಗಾಗಿ ಅವರು ಮಾಡುತ್ತಿರುವುದನ್ನು ಯಾವ ತಂದೆ ತಾಯಿಯೂ ಮಾಡುತ್ತಾರೆ. ಆದರೆ ಒಂದು ಸುಳಿ ಇಲ್ಲಿದೆ. ತಾಲೂಕಿನ ಶಾಲೆ ಸರಿಯಿಲ್ಲ ಅಂತ ಅಧಿಕಾರಿಯ ಸಂಸಾರ ಕಲಬುರಗಿಗೆ ಬರುತ್ತದೆ. ಅಧಿಕಾರಿಯ ಮಗು ಅಲ್ಲಿ ಓದುವುದಿಲ್ಲವಾದ್ದರಿಂದ ಆ ಶಾಲೆ ಸರಿಯಾಗಲಿ ಅಂತ ಗಟ್ಟಿಯಾಗಿ ಕೇಳುವ ಬಾಯಿ ಕಡಿಮೆಯಾಗುತ್ತದೆ. ಆಸ್ಪತ್ರೆಯದೂ ಇದೇ ಕಥೆ. ಸಂಬಳ ಹುಟ್ಟುವುದು ಒಂದೂರಲ್ಲಿ, ಖರ್ಚಾಗುವುದು ಇನ್ನೊಂದೂರಲ್ಲಿ. ಕಿರಾಣಿ ಅಂಗಡಿ, ಟ್ಯೂಷನ್, ಹೋಟೆಲು, ಬಟ್ಟೆ ಅಂಗಡಿ ಎಲ್ಲ ಕಲಬುರಗಿಯಲ್ಲೇ ಬೆಳೆಯುತ್ತವೆ. ಸುತ್ತೋಲೆಯಿಂದ ಈ ಸುಳಿ ನಿಲ್ಲುವುದಿಲ್ಲ. ಸೇಡಂನಲ್ಲಿ, ಚಿಂಚೋಳಿಯಲ್ಲಿ, ಗುರುಮಠಕಲ್‌ನಲ್ಲಿ ಒಳ್ಳೆಯ ಪಿಯು ಸೈನ್ಸ್ ಕಾಲೇಜು, ರಾತ್ರಿಯೂ ಡಾಕ್ಟರು ಇರುವ ಆಸ್ಪತ್ರೆ, ಇರಲು ಯೋಗ್ಯವಾದ ಸರ್ಕಾರಿ ಕ್ವಾರ್ಟರ್ಸ್ ಆದರೆ ಅರ್ಧ ಜನ ತಾವಾಗಿ ಅಲ್ಲೇ ಉಳಿಯುತ್ತಾರೆ. ಯಾರಿಗೆ ತಾನೇ ದಿನಾ ನಾಲ್ಕು ಗಂಟೆ ರಸ್ತೆಯಲ್ಲಿರುವ ಆಸೆ?

ಮಕ್ಕಳ ಮಾತು ಹೇಳಲೇಬೇಕು. ಅವರಿಗೆ ಒಳ್ಳೆಯ ಶಾಲೆ ಸಿಕ್ಕಿತು. ಆದರೆ ತಂದೆ ತಾಯಿ ಸಿಗುವುದು ಭಾನುವಾರ ಮಾತ್ರ. ಎಳ್ಳು ಅಮಾವಾಸ್ಯೆ ಬಂದರೆ ಲೇಔಟಿಗೆ ಲೇಔಟೇ ಖಾಲಿ. ಹಳ್ಳಿಯ ಹೊಲಕ್ಕೆ ಹೋಗಿ ಭೂತಾಯಿಗೆ ಎಡೆಯಾಗಿ ಚರಗ ಚೆಲ್ಲಿ, ಸಜ್ಜೆ ರೊಟ್ಟಿ, ಭಜ್ಜಿ ಉಂಡು ಬರುತ್ತಾರೆ. ಇಲ್ಲಿ ಹುಟ್ಟಿದ ಮಕ್ಕಳಿಗೆ ಹೊಲ ಅಂದರೆ ಆ ಒಂದು ದಿನ.

ಈಗ ಹೊಸದೊಂದು ಘಟ್ಟ ಶುರುವಾಗಿದೆ. ಮೊದಲು ಮನೆ ಕಟ್ಟಿದವರು ನಿವೃತ್ತರಾಗುತ್ತಿದ್ದಾರೆ. ಯಾವ ಮಕ್ಕಳ ಓದಿಗಾಗಿ ಇಲ್ಲಿ ನೆಲೆಸಿದರೋ ಆ ಮಕ್ಕಳು ಓದು ಮುಗಿಸಿ ಬೆಂಗಳೂರು, ಹೈದರಾಬಾದ್, ಪುಣೆ ಸೇರಿದ್ದಾರೆ. 2024ರ ಮಾರ್ಚ್‌ನಲ್ಲಿ ಕಲಬುರಗಿ–ಬೆಂಗಳೂರು ವಂದೇ ಭಾರತ್ ಶುರುವಾಯಿತು. ಮಕ್ಕಳನ್ನು ನೋಡಲು ಹೋಗುವ ದಂಪತಿಗಳು ಅದರಲ್ಲಿ ಕಾಣುತ್ತಾರೆ. ವಾಪಸ್ ಬಂದ ಮೇಲೆ ಅವರು ತಮ್ಮ ಲೇಔಟಿನಲ್ಲಿ ಮೊದಲ ಸಲ ಇಡೀ ದಿನ ಇರುತ್ತಿದ್ದಾರೆ. ಮಧ್ಯಾಹ್ನ ಅಲ್ಲಿ ನೆರಳಿಲ್ಲ ಅನ್ನುವುದು, ಪಾರ್ಕಿನ ಜಾಗಕ್ಕೆ ಬೇಲಿ ಇಲ್ಲ ಅನ್ನುವುದು, ಔಷಧಿ ಅಂಗಡಿಗೆ ಹೋಗಲು ಬಸ್ಸಿಲ್ಲ ಅನ್ನುವುದು ಅವರಿಗೆ ಈಗ ಕಾಣುತ್ತಿದೆ. ಮೂವತ್ತು ವರ್ಷ ಸರ್ಕಾರಿ ಕಡತ ನೋಡಿದವರು ಅವರು. ಯಾವ ಟೇಬಲ್ಲಿನಲ್ಲಿ ಏನು ನಿಂತಿದೆ ಅಂತ ಅವರಿಗೆ ಗೊತ್ತು. ಹಸ್ತಾಂತರದ ಫೈಲ್ ಹಿಡಿದು ಪ್ರಾಧಿಕಾರ, ಪಾಲಿಕೆ ಅಂತ ಈಗ ತಿರುಗುತ್ತಿರುವವರು ಇವರೇ. ಕೆಲವು ಕಡೆ ಪಾರ್ಕಿಗೆ ಬೇಲಿ ಬಂದಿದೆ, ಹೊಂಗೆ, ಬೇವಿನ ಸಸಿಗಳು ಬಂದಿವೆ. ಅವಕ್ಕೆ ಬೇಸಿಗೆಯಲ್ಲಿ ಟ್ಯಾಂಕರ್ ನೀರು ಹಾಕಿಸುವ ದುಡ್ಡು ಇವರ ಪಿಂಚಣಿಯಿಂದ ಬರುತ್ತಿದೆ.